ಬಿಳಿಯಣ್ಣನ ಹೆಸರಿನಲ್ಲಿ

ಆ ಲ್ಯಾಬಿನಲ್ಲಿ ಹಲ್ಲು ಮಾಡುತ್ತಿದ್ದರು. ನಗಬೇಡಿ, ಬಾಯಲ್ಲಿರುವ ಹಲ್ಲೇ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಇಲ್ಲಿ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಾಲ್ಕೈದು ಜನ ಕೂತು ಅದಕ್ಕೆ ಮೇಣದಲ್ಲಿ ರೂಪ ಕೊಟ್ಟು, ಪಿಂಗಾಣಿಯಲ್ಲಿ ಕಟ್ಟಿ, ಉಜ್ಜಿ, ಹೊಳಪು ಹಾಕಿ, ಬೆಂಕಿಪೊಟ್ಟಣದಷ್ಟು ಡಬ್ಬಿಯಲ್ಲಿಟ್ಟು ವಾಪಸ್ಸು ಕಳಿಸುತ್ತಿದ್ದರು. ಮೆಟ್ಟಿಲು ಹತ್ತುವಾಗ ಅರ್ಧದವರೆಗೆ ರಬ್ಬರ್ ವಾಸನೆ, ಅಲ್ಲಿಂದಾಚೆ ಮೇಣದ ವಾಸನೆ. ಮೇಜು, ಕುರ್ಚಿ, ಗೋಡೆಯ ಗಡಿಯಾರ, ಎಲ್ಲದರ ಮೇಲೂ ಅಚ್ಚಿನ ಬಿಳಿ ಪುಡಿ ಕೂತಿರುತ್ತಿತ್ತು. ದಿನಕ್ಕೆ ಎರಡು ಸಲ ಒರೆಸಿದರೂ ಅದು ಹೋಗುತ್ತಿರಲಿಲ್ಲ.

ಬಾಗಿಲ ಪಕ್ಕದ ಮೇಜು ಆಫೀಸು ನೋಡಿಕೊಳ್ಳುವ ಅಕ್ಕನದು. ವಯಸ್ಸು ಐವತ್ತೆರಡು, ಅಲ್ಲಿ ಸೇರಿ ಹದಿನೇಳು ವರ್ಷ. ಆರ್ಡರು ತೆಗೆದುಕೊಳ್ಳುವುದು, ಕೊರಿಯರಿಗೆ ಹಾಕುವುದು, ಸಾಮಾನು ತರಿಸುವುದು ಎಲ್ಲ ಈಗ ಕಂಪ್ಯೂಟರಿನಲ್ಲೇ ತಾನೇ; ಒಂದೊಂದಕ್ಕೂ ಒಂದೊಂದು ಪಾಸ್‌ವರ್ಡು. ಒಟ್ಟು ಹತ್ತೊಂಬತ್ತು. ಹತ್ತೊಂಬತ್ತೂ ಅವಳ ತಲೆಯಲ್ಲಿ. ಚೀಟಿಯಲ್ಲಿ ಬರೆದಿಡುವವಳಲ್ಲ. "ಅಕ್ಕಾ, ಕೊರಿಯರಿಂದು?" ಎಂದು ಒಳಗಿನಿಂದ ಕೂಗಿದರೆ ಸಾಕು, ತಲೆಯೆತ್ತದೆ ಅಕ್ಷರ ಅಕ್ಷರವಾಗಿ ಹೇಳುತ್ತಿದ್ದಳು. ಅದಕ್ಕೇ ಎಲ್ಲರೂ ಅವಳನ್ನು ಕೀಲಿಕೈ ಅಕ್ಕ ಎನ್ನುತ್ತಿದ್ದರು. ಬಾಯಲ್ಲಿ "ಅಯ್ಯೋ, ಏನು ಹೆಸರು ಇಟ್ಟಿದ್ದೀರೋ ನೀವು" ಎಂದರೂ ಒಳಗೊಳಗೇ ಅವಳಿಗೆ ಅದು ಇಷ್ಟ. ಮನುಷ್ಯರಲ್ಲವೇ, ತಾನಿಲ್ಲದಿದ್ದರೆ ನಡೆಯದು ಎಂದು ಯಾರಾದರೂ ಹೇಳಿದರೆ ಬೇಡ ಎನ್ನುವವರು ಯಾರು?

ಆದರೆ ಆ ಸಲ ಅವಳಿಗೆ ಜ್ವರ ಬಂತು. ಮೂರು ದಿನ ಮನೆಯಲ್ಲಿ ಮಲಗಿದಳು. ಹೊಳಪು ಹಾಕುವವನು, ಕೈಯಲ್ಲಿ ಚಿನ್ನದಂಥ ಕೆಲಸ ಇದ್ದರೂ ಬೆರಳಲ್ಲಿ ಆತುರ ಇರುವವನು, ದೊಡ್ಡ ಕ್ಲಿನಿಕ್ಕಿನ ಆರ್ಡರುಗಳು ಬರುವ ಜಾಲತಾಣಕ್ಕೆ ಐದು ಸಲ ತಪ್ಪು ಪಾಸ್‌ವರ್ಡು ಹಾಕಿ ಅದನ್ನು ಪೂರ್ತಿ ಮುಚ್ಚಿಸಿಬಿಟ್ಟ. ಅದು ಮತ್ತೆ ತೆರೆಯುವವರೆಗೆ ಒಂದಿಡೀ ದಿನ ಕೆಲಸ ನಿಂತಿತು. ನಾಲ್ಕನೇ ದಿನ ಅಕ್ಕ ಬಂದಾಗ ಯಜಮಾನ ಅವಳ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತ. ಅವನಿಗೆ ನಲವತ್ತು, ಲ್ಯಾಬು ಶುರು ಮಾಡಿದ ದೊಡ್ಡ ಯಜಮಾನರ ಮಗ. ಬೇಗ ಸಿಟ್ಟಾಗುತ್ತಾನೆ, ಬೇಗ ಇಳಿಯುತ್ತಾನೆ. ನಡುವೆ ಏನಾದರೂ ಒಡೆದರೆ ಅದು ಒಡೆದದ್ದೇ.

"ಅಕ್ಕಾ, ನಿಮ್ಮ ತಲೆಗೆ ಜ್ವರ ಬಂದ್ರೆ ಲ್ಯಾಬಿಗೆಲ್ಲಾ ಜ್ವರ ಬರತ್ತೆ. ಹೀಗಾದ್ರೆ ಆಗಲ್ಲ. ಪಾಸ್‌ವರ್ಡ್ ಎಲ್ಲಾ ಒಂದು ಕಡೆ ಇಡೋಕೆ ಪ್ರೋಗ್ರಾಮ್ ಇದಾವಂತಲ್ಲ, ಬೀರು ಇದ್ದ ಹಾಗೆ. ಒಂದು ನೋಡಿ ಆರಿಸಿ. ಎಲ್ಲರಿಗೂ ಆಗೋ ಹಾಗಿರ್ಲಿ."

"ನಾನಾ?" ಎಂದಳು ಅಕ್ಕ.

"ಇನ್ಯಾರು? ನೀವೇ ಅಲ್ವಾ ಕೀಲಿಕೈ."

ಹೀಗೆ ಶುರುವಾಯಿತು. ಮೇಣದ ಕೆಲಸ ಮಾಡುವ ಹುಡುಗಿ, ಮದುವೆಯಾಗಿ ವರ್ಷವಾದರೂ ಅಲ್ಲಿ ಎಲ್ಲರ ಬಾಯಲ್ಲೂ ಇನ್ನೂ ಹುಡುಗಿಯೇ, ಅಕ್ಕನ ಪಕ್ಕ ಕೂತು ಮೂರು ಪ್ರೋಗ್ರಾಮು ಹುಡುಕಿ ಕೊಟ್ಟಳು. ಮೂರನ್ನೂ ಹದಿನೈದು ದಿನ ಬಿಟ್ಟಿಯಾಗಿ ಬಳಸಿ ನೋಡಬಹುದಿತ್ತು. ಅಕ್ಕ ಖಾಲಿ ಡಬ್ಬಿಯ ರಟ್ಟಿನ ಹಿಂದೆ ಗೆರೆ ಎಳೆದು ಬರೆದುಕೊಂಡಳು. ಮೊದಲನೆಯದರಲ್ಲಿ ಬೀರು ಒಂದು, ಕೀಲಿಯೂ ಒಂದೇ. ಎಲ್ಲರೂ ಅದನ್ನೇ ಬಳಸಬೇಕು. ಎರಡನೆಯದು ಚೆನ್ನಾಗಿತ್ತು, ಆದರೆ ಮೂವರಿಗಿಂತ ಹೆಚ್ಚು ಜನಕ್ಕಿಲ್ಲ. ಮೂರನೆಯದರಲ್ಲಿ ಒಬ್ಬೊಬ್ಬರಿಗೂ ಅವರವರದೇ ಕೀಲಿ. ಯಾರು ಯಾವ ಪಾಸ್‌ವರ್ಡನ್ನು ಎಷ್ಟು ಹೊತ್ತಿಗೆ ತೆಗೆದರು ಎಂಬುದನ್ನೂ ಅದು ತಾನಾಗೇ ಬರೆದಿಡುತ್ತಿತ್ತು.

ಆ ಕೊನೆಯ ಸಾಲು ಬರೆಯುವಾಗ ಅಕ್ಕನ ಪೆನ್ನು ನಿಂತಿತು. ಏಕೆಂದು ಹೇಳಬೇಕಾದರೆ ಬಿಳಿಯಣ್ಣನ ವಿಷಯ ಹೇಳಬೇಕು.

ಬಿಳಿಯಣ್ಣ ಆ ಲ್ಯಾಬಿನ ಹಿರಿಯ ಕೆಲಸಗಾರನಾಗಿದ್ದ. ಬಣ್ಣ ಕಪ್ಪಗೇ, ಬಿಳಿ ಎಂಬುದು ಅವನ ಕಣ್ಣಿಗೆ ಸಿಕ್ಕ ಬಿರುದು. ಹಲ್ಲಿನ ಬಿಳಿ ಅಂದರೆ ಒಂದೇ ಬಿಳಿ ಎಂದುಕೊಂಡಿರಾ? ಹದಿನಾರು ಬಗೆ ಇದೆ, ಪ್ರತಿಯೊಂದಕ್ಕೂ ನಂಬರಿದೆ. ನಮಗೆ ನಿಮಗೆ ಅದರಲ್ಲಿ ಮೂರು ನಾಲ್ಕು ಗೊತ್ತಾದರೆ ಹೆಚ್ಚು. ಅವನು ಹದಿನಾರನ್ನೂ ಕಿಟಕಿಯ ಬೆಳಕಲ್ಲಿ ಹಿಡಿದು ಹೇಳುತ್ತಿದ್ದ. ಮುಪ್ಪಿನವರ ಹಲ್ಲಿಗೆ ಬುಡದಲ್ಲಿ ಒಂದು ಕಂದು ಛಾಯೆ ಕೊಟ್ಟು, "ಇಷ್ಟು ವರ್ಷ ಚಹಾ ಕುಡಿದಿದ್ದಾರೆ, ಆ ಮರ್ಯಾದೆ ಬೇಡ್ವಾ?" ಎನ್ನುತ್ತಿದ್ದ.

ದೊಡ್ಡ ಕ್ಲಿನಿಕ್ಕು ಮೊದಲ ಸಲ ಜಾಲತಾಣ ಮಾಡಿದಾಗ ಲ್ಯಾಬಿನ ಮುಖ್ಯ ಕೆಲಸಗಾರನ ಹೆಸರು, ಫೋನ್ ನಂಬರು ಕೊಡಿ ಎಂದಿತು. ಬಿಳಿಯಣ್ಣನದು ಕೊಟ್ಟರು. ಪಾಸ್‌ವರ್ಡು ಏನಿಡಲಿ ಎಂದಾಗ ಅವನು ತನ್ನ ಮೊಮ್ಮಗಳನ್ನು ಕರೆಯುವ ಹೆಸರು ಹೇಳಿದ: ಗುಬ್ಬಿಮರಿ. ಮುಂದೆ ಮೂವತ್ತೆರಡು, ಬಾಯಲ್ಲಿರಬೇಕಾದ ಹಲ್ಲಿನ ಲೆಕ್ಕ. ಆಗಿದ್ದ ದೊಡ್ಡ ಯಜಮಾನರು, "ಒಂದು ಮನೆಗೆ ಒಂದು ಬಾಗಿಲು ಸಾಕು, ಐದು ಹೆಸರು ಯಾರು ನೆನಪಿಡ್ತಾರೆ?" ಎಂದರು. ಅಲ್ಲಿಂದ ಲ್ಯಾಬಿನಲ್ಲಿ ಯಾರು ಏನು ಒತ್ತಿದರೂ ಕ್ಲಿನಿಕ್ಕಿನ ಕಡೆ ಬಿಳಿಯಣ್ಣನ ಹೆಸರೇ ಕಾಣುತ್ತಿತ್ತು. ಹೊಳಪಿನವನು ಒತ್ತಿದರೂ ಬಿಳಿಯಣ್ಣ, ಅಕ್ಕ ಒತ್ತಿದರೂ ಬಿಳಿಯಣ್ಣ. ಯಾರಿಗೂ ಅದು ತಪ್ಪು ಎನಿಸಲಿಲ್ಲ. ನಡೆಯುತ್ತಿದ್ದ ಗಾಡಿ, ನಡೆಯಿತು.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಿಳಿಯಣ್ಣ ಊಟಕ್ಕೆ ಹೋಗಿದ್ದ. ಕ್ಲಿನಿಕ್ಕಿನಿಂದ ಫೋನು: ಎರಡು ಆರ್ಡರಿಗೆ ಬಣ್ಣದ ನಂಬರು ಹಾಕಿ ಒಪ್ಪಿಗೆ ಕೊಟ್ಟಿಲ್ಲ, ಈಗಲೇ ಕೊಡಿ. ನಂಬರುಗಳು ಬಿಳಿಯಣ್ಣನ ಪುಸ್ತಕದಲ್ಲಿದ್ದವು. ಅಕ್ಕ ಎಡಗೈಯಲ್ಲಿ ಚಹಾ ಹಿಡಿದುಕೊಂಡು, ಬಲಗೈಯಲ್ಲಿ ನಂಬರು ಒತ್ತಿ, ಒಪ್ಪಿಗೆಯನ್ನೂ ಒತ್ತಿದಳು. ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ. ಅಷ್ಟೇ. ಚಹಾ ಆರುವುದರೊಳಗೆ ಮುಗಿದ ಕೆಲಸ. ಬಿಳಿಯಣ್ಣನಿಗೆ ಹೇಳುವುದನ್ನೂ ಮರೆತಳು.

ಬಿಳಿಯಣ್ಣ ದಿನಕ್ಕೆ ಮೂವತ್ತು ಆರ್ಡರು ನೋಡುವವನು. ಪರದೆಯಲ್ಲಿ ಬಂದ ನಂಬರಿನಂತೆ ಹಲ್ಲು ಕಟ್ಟಿದ. ಎಪ್ಪತ್ತೆರಡರ ಮುದುಕರೊಬ್ಬರಿಗೆ ಹಾಲಿನಂಥ ಬಿಳಿಯ ಆರು ಹಲ್ಲು ತಯಾರಾಗಿ ಹೋದವು. ಕೆಲಸದ ಸಂದರ್ಶನಕ್ಕೆ ಕಾಯುತ್ತಿದ್ದ ಇಪ್ಪತ್ತನಾಲ್ಕರ ಹುಡುಗಿಗೆ ಅಜ್ಜನ ಹಲ್ಲು. ಆ ಹುಡುಗಿ ಕ್ಲಿನಿಕ್ಕಿನಲ್ಲಿ ಕನ್ನಡಿ ನೋಡಿ ಅತ್ತಳಂತೆ. ಕ್ಲಿನಿಕ್ಕಿನವರು ಮೂರು ತಿಂಗಳು ಆರ್ಡರು ನಿಲ್ಲಿಸಿದರು. ಯಜಮಾನ ವಾಪಸ್ಸು ಬಂದ ಎರಡೂ ಡಬ್ಬಿಗಳನ್ನು ಬಿಳಿಯಣ್ಣನ ಮೇಜಿಗೆ ಕುಕ್ಕಿ, ಎಲ್ಲರ ಎದುರು ಕೂಗಿದ: "ಒಪ್ಪಿಗೆ ಕೊಟ್ಟಿರೋರ ಹೆಸರು ನೋಡಿ, ನಿಮ್ದೇ! ಕಣ್ಣು ಹೋಗಿದ್ರೆ ಹೇಳ್ಬೇಕು ತಾನೇ?"

ಡಬ್ಬಿ ನೋಡಿದ ಕೂಡಲೇ ಅಕ್ಕನಿಗೆ ಎಲ್ಲ ನೆನಪಾಯಿತು. ಚಹಾ ಹಿಡಿದ ಕೈ ಕೂಡ. ಬಾಯಿ ತೆರೆದಳು. ಅಷ್ಟರಲ್ಲಿ ಬಿಳಿಯಣ್ಣನೇ, "ನಾನೇ ಇರ್ಬೇಕು ಯಜಮಾನ್ರೇ. ನೆನಪಾಗ್ತಿಲ್ಲ. ನಾನೇ" ಎಂದುಬಿಟ್ಟ. ತೆರೆದ ಬಾಯಿ ಮುಚ್ಚಿಕೊಂಡಿತು. ಸಂಜೆ ಹೇಳೋಣ ಎಂದುಕೊಂಡಳು. ಸಂಜೆ ಯಜಮಾನನ ಮುಖ ನೋಡಿ ನಾಳೆ ಎಂದುಕೊಂಡಳು. ನಾಳೆಗಳಿಗೇನು ಬರವೇ? ವಾರದೊಳಗೆ ಬಿಳಿಯಣ್ಣ ತಾನೇ ಕೆಲಸ ಬಿಟ್ಟ. ಅವನಿಗೆ ಕೊಟ್ಟ ಉಡುಗೊರೆಯ ಮೇಲಿನ ಕಾಗದದಲ್ಲಿ "ನಿಮ್ಮ ಕಣ್ಣು, ನಿಮ್ಮ ಕೈ ನಮಗೆ ಮತ್ತೆ ಸಿಗದು" ಎಂದು ಬರೆದವಳೂ ಅಕ್ಕನೇ. ಅವಳ ಅಕ್ಷರ ಚೆನ್ನಾಗಿತ್ತಲ್ಲ.

ಅವನು ಹೋದ ಮೇಲೂ ಪಾಸ್‌ವರ್ಡು ಬದಲಾಗಲಿಲ್ಲ. ಯಾರು ಬದಲಾಯಿಸಬೇಕು? ದಿನಾ ಬೆಳಗ್ಗೆ ಒಂಬತ್ತೂವರೆಗೆ ಅಕ್ಕ ಕೂತು ಆ ಮನುಷ್ಯನ ಮೊಮ್ಮಗಳ ಹೆಸರು ಒತ್ತುತ್ತಿದ್ದಳು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ನಿದ್ದೆ ಹೋಗುತ್ತದೆ. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಈಗ ಅರ್ಥವಾಯಿತಲ್ಲ, ಮೂರನೆಯ ಪ್ರೋಗ್ರಾಮು ಅವಳಿಗೆ ಏಕೆ ಬೇಡವಾಯಿತೆಂದು. ಹಳೆಯದೇನೂ ಅದರಲ್ಲಿ ಸಿಕ್ಕಿಬೀಳುತ್ತಿರಲಿಲ್ಲ, ಅದು ಅವಳಿಗೂ ಗೊತ್ತು. ಆದರೂ ಯಾರು ಯಾವಾಗ ಎಂಬ ಮಾತೇ ಅವಳಿಗೆ ಆಗುತ್ತಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಗಡಿಯಾರ ರಿಪೇರಿ ಮಾಡುವ ಗಂಡ ತಮಾಷೆ ಮಾಡಿದ. "ಏನೇ ಇದು, ನಾಲ್ಕು ದಿನದಿಂದ ಒಂದು ಡಬ್ಬ ಆರಿಸ್ತಿದ್ದೀಯ. ನನ್ನನ್ನ ಒಪ್ಕೊಳ್ಳೋಕೆ ಇಷ್ಟು ಹೊತ್ತು ತಗೊಂಡಿರ್ಲಿಲ್ಲ ನೀನು."

"ಅದಕ್ಕೇ ಈಗ ಹುಷಾರಾಗಿದ್ದೀನಿ" ಎಂದಳು.

ಗಂಡ ಗೊಳ್ಳೆಂದು ನಕ್ಕ. ಆಮೇಲೆ ಅವಳ ತಟ್ಟೆ ನೋಡಿ, "ಯಾಕೆ, ಅನ್ನ ಹಾಗೇ ಇದೆ?" ಎಂದ. ಹೇಳಿಬಿಡಲೇ ಎನಿಸಿತು. ಇಪ್ಪತ್ತೆಂಟು ವರ್ಷದಿಂದ ಹೇಳದೆ ಉಳಿದದ್ದು ಅದೊಂದೇ. ಆದರೆ ಈ ಮನುಷ್ಯ ತನ್ನ ಹೆಂಡತಿಯ ಬಗ್ಗೆ ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಳ್ಳುವವನು, "ನಮ್ಮ ಮನೆಯವಳು ಒಂದು ಅಕ್ಷರ ತಪ್ಪಲ್ಲ" ಎಂದು. ಅವಳು ಎದ್ದು ತಟ್ಟೆ ತೊಳೆದಳು.

ಮರುದಿನ ಎಲ್ಲರೂ ಸೇರಿದರು. ಅಕ್ಕನ ಜ್ವರದ ದಿನಗಳಲ್ಲಿ ನೆನಪಾಗದೆ ಬದಲಾಯಿಸಿಕೊಂಡ ಪಾಸ್‌ವರ್ಡುಗಳನ್ನು ಮೊದಲು ಒಬ್ಬೊಬ್ಬರೂ ಹೇಳಬೇಕಿತ್ತು. ಮೇಣದ ಹುಡುಗಿ ಸಾಮಾನು ತರಿಸುವ ತಾಣಕ್ಕೆ ಗಂಡನ ಹೆಸರಿಟ್ಟಿದ್ದಳು. ಎಲ್ಲರೂ ಓಹೋ ಎಂದರು. ಪುಡಿ, ಬುರುಸು ತರಿಸುವ ತಾಣದ ಪಾಸ್‌ವರ್ಡು ಹೇಳಲು ಹೊಳಪಿನವನು ಒಪ್ಪಲೇ ಇಲ್ಲ.

"ಹೇಳಪ್ಪಾ, ಇಲ್ಲಿರೋರೆಲ್ಲಾ ನಮ್ಮೋರೇ" ಎಂದ ಯಜಮಾನ.

"ಬೇಡ ಬಿಡಿ ಯಜಮಾನ್ರೇ, ನಾನೇ ಬದಲಾಯಿಸಿ ಆಮೇಲೆ ಹೇಳ್ತೀನಿ."

"ಏಯ್, ಹೇಳೋ ಅಂದ್ರೆ!"

ಅವನು ಕಾಲ ಹೆಬ್ಬೆರಳು ನೋಡುತ್ತ ಹೇಳಿದ. ಯಜಮಾನ ಕಿವುಡ ಎಂಬರ್ಥದ್ದು, ಕೊನೆಗೆ ನೂರಾ ಒಂದು. ಯಜಮಾನನೇ ಮೊದಲು ನಕ್ಕ. "ರಜೆ ಕೇಳಿದಾಗ ಕೇಳಿಸಲ್ಲ ಅಂತ ತಾನೇ? ಇರ್ಲಿ, ಇರ್ಲಿ." ಹೊಳಪಿನವನ ಕಿವಿಯವರೆಗೂ ಕೆಂಪು. ತಪ್ಪು ಹೊರಗೆ ಬಂದು, ಎಲ್ಲರೂ ನಕ್ಕು, ಮುಗಿದೇಹೋಯಿತಲ್ಲ ಎಂದು ಅಕ್ಕನಿಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು.

"ಅಕ್ಕಾ, ಯಾವುದು ಆರಿಸಿದ್ರಿ?" ಯಜಮಾನ ಕೇಳಿದ.

"ಮೊದಲನೇದು. ಒಂದೇ ಕೀಲಿ. ಸುಲಭ."

ಮೇಣದ ಹುಡುಗಿ ರಟ್ಟು ಎತ್ತಿ ನೋಡಿದಳು. "ಅಕ್ಕಾ, ಮೂರನೇದೂ ಅಷ್ಟೇ ಸುಲಭ ಇದೆಯಲ್ಲ. ರೇಟೂ ಹೆಚ್ಚುಕಮ್ಮಿ ಒಂದೇ. ಯಾರು ತೆಗೆದ್ರು ಅಂತಾನೂ ಗೊತ್ತಾಗತ್ತೆ."

"ಯಾಕೆ ಗೊತ್ತಾಗ್ಬೇಕು? ನಮ್ಮಲ್ಲಿ ಕಳ್ಳರಿದ್ದಾರಾ?"

ದನಿ ಬೇಕಾದ್ದಕ್ಕಿಂತ ಜೋರಾಗಿಬಿಟ್ಟಿತು. ಎಲ್ಲರೂ ತಿರುಗಿ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಕ್ಕ ಹೆಗಲು ಮುಟ್ಟಿಕೊಳ್ಳಲಿಲ್ಲ, ಸೆರಗು ಸರಿಮಾಡಿಕೊಂಡಳು. ಯಾರಿಗೂ ಏನೂ ಹೊಳೆಯಲಿಲ್ಲ. ಹದಿನೇಳು ವರ್ಷದ ಅಕ್ಕನ ಮೇಲೆ ಯಾರಿಗೆ ಏನು ಹೊಳೆಯಬೇಕು?

ಯಜಮಾನ ಮೆತ್ತಗೆ ಹೇಳಿದ: "ಕಳ್ಳರಂತಲ್ಲ ಅಕ್ಕಾ. ಇದು ಅವತ್ತೇ ಇದ್ದಿದ್ರೆ ಬಿಳಿಯಣ್ಣ ಒತ್ತಿದ್ದು ಹೌದೋ ಅಲ್ವೋ ಅಂತ ಖಾತ್ರಿ ಆಗಿರೋದು. ನಾನು ಅಷ್ಟು ಕೂಗಿಬಿಟ್ಟೆ. ಅದು ನನ್ನ ಮನಸ್ಸಲ್ಲಿ ಹಾಗೇ ಇದೆ. ಮೂರನೇದೇ ಇರ್ಲಿ."

ಮೂರನೆಯದೇ ಆಯಿತು.

ಹದಿನೆಂಟು ಪಾಸ್‌ವರ್ಡುಗಳು ಮಧ್ಯಾಹ್ನದೊಳಗೆ ಹೊಸ ಬೀರು ಸೇರಿದವು. ಹತ್ತೊಂಬತ್ತನೆಯದು ದೊಡ್ಡ ಕ್ಲಿನಿಕ್ಕಿನದು. ಐದು ಸಲ ತಪ್ಪಿದ ಮೇಲೆ ಆ ತಾಣ ಹುಷಾರಾಗಿತ್ತು: ಬಿಳಿಯಣ್ಣನ ಹೆಸರು ತೆಗೆದು ಐವರಿಗೆ ಬೇರೆ ಬೇರೆ ಹೆಸರು ಕೊಡಬೇಕೆಂದರೆ, ಖಾತೆಯಲ್ಲಿರುವ ಫೋನಿಗೆ ಆರು ಅಂಕಿಯ ಸಂಖ್ಯೆ ಕಳಿಸುತ್ತೇನೆ, ಹತ್ತು ನಿಮಿಷದಲ್ಲಿ ಅದನ್ನು ಹಾಕಿ ಎಂದಿತು. ಫೋನು ಯಾರದು? ಕೊನೆಯ ಎರಡು ಅಂಕಿ ನೋಡಿ ಮೇಣದ ಹುಡುಗಿ ಎಲ್ಲರ ಮುಖ ನೋಡಿದಳು. ಅಕ್ಕ ನೋಡಬೇಕಾಗಿರಲಿಲ್ಲ.

"ನಾನು ಹೇಗೆ ಕೇಳ್ಲಿ?" ಯಜಮಾನ ತಲೆ ಕೆರೆದುಕೊಂಡ. "ಯಾವ ಮುಖ ಇಟ್ಕೊಂಡು ಫೋನ್ ಮಾಡ್ಲಿ? ಅಕ್ಕಾ, ನೀವೇ ಹೋಗ್ಬನ್ನಿ. ನಿಮ್ಮನ್ನ ಕಂಡ್ರೆ ಅವರಿಗೆ ಮೊದಲಿಂದ ವಿಶ್ವಾಸ."

ಬಿಳಿಯಣ್ಣನ ಮನೆ ಎರಡು ಬಸ್ಸಿನ ದಾರಿ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅಕ್ಕ ಲೆಕ್ಕ ಹಾಕಿದಳು: ಸಂಖ್ಯೆ ಕೇಳುವುದು, ಅಲ್ಲಿಂದಲೇ ಹುಡುಗಿಗೆ ಹೇಳುವುದು, ಹತ್ತು ನಿಮಿಷ, ವಾಪಸ್ಸು. ಇಷ್ಟಾದರೆ ಆ ಹಳೆಯ ಹೆಸರೇ ಅಳಿಸಿಹೋಗುತ್ತದೆ. ಇನ್ನು ಯಾರೂ ಯಾವತ್ತೂ ಕೇಳುವುದಿಲ್ಲ. ಎಂಥ ನಿಶ್ಚಿಂತೆ! ಹಾಗೆಂದುಕೊಂಡದ್ದಕ್ಕೆ ಅವಳಿಗೇ ತನ್ನ ಮೇಲೆ ಹೇಸಿಗೆಯಾಯಿತು.

ಬಾಗಿಲು ತೆರೆದವನು ಬಿಳಿಯಣ್ಣನೇ. ಕೂದಲು ಪೂರ್ತಿ ನರೆತಿತ್ತು. "ಅಯ್ಯೋ ಯಾರಿದು! ಏನೇ, ನೋಡು ಬಾ, ನಮ್ಮ ಕೀಲಿಕೈ ಬಂದಿದೆ!" ಎಂದು ಒಳಗೆ ಕೂಗಿದ. ಹೆಂಡತಿ ಹೊಲಿಗೆ ಯಂತ್ರದಿಂದ ಎದ್ದು ಬಂದು ನೀರು ಕೊಟ್ಟಳು. ಚಿಕ್ಕ ಪಡಸಾಲೆ, ಎರಡು ಕುರ್ಚಿ, ಒಂದು ಮಂಚ, ಗೋಡೆಗೆ ತೂಗುಹಾಕಿದ ಸ್ಲೇಟು. ಸ್ಲೇಟಿನ ಮೇಲೆ ಬಿಳಿಯಣ್ಣನ ಉರುಟು ಅಕ್ಷರ: ಗ್ಯಾಸ್ ಆರಿಸಿದೆ, ಒಂಬತ್ತು ಹತ್ತು. ಮಾತ್ರೆ ತಗೊಂಡೆ, ಒಂಬತ್ತು ಇಪ್ಪತ್ತು. ನಲ್ಲಿ ನಿಲ್ಲಿಸಿದೆ.

ಅಕ್ಕ ನೋಡಿದ್ದನ್ನು ಹೆಂಡತಿ ನೋಡಿದಳು. "ಏನು ಮಾಡಿದ್ರೂ ಬರೀತಾರೆ. ನಾನು ಓದಿ ಹೂಂ ಅನ್ಬೇಕು. ಇಲ್ದಿದ್ರೆ ಬಾಗಿಲು ಹಾಕಿ ಹೊರಟೋರು ಅರ್ಧ ದಾರಿಯಿಂದ ವಾಪಸ್ ಬರ್ತಾರೆ."

"ಕೆಲಸ?" ಎಂದಳು ಅಕ್ಕ.

"ಇನ್ನೊಂದು ಲ್ಯಾಬಿನೋರು ಮೂರು ಸಲ ಕರೆದ್ರಮ್ಮ" ಎಂದ ಬಿಳಿಯಣ್ಣ. "ಹೋಗ್ಲಿಲ್ಲ. ಕಣ್ಣೇನೋ ಕಾಣತ್ತೆ, ನಂಬಿಕೆ ಇಲ್ಲ. ಕಂಡಿದ್ದನ್ನ ತಲೆ ಏನು ಮಾಡತ್ತೋ ಯಾರಿಗೊತ್ತು. ಇನ್ನೊಂದು ಹುಡುಗಿ ಅಳೋದು ಬೇಡ ಅಂತ ಬಿಟ್ಟೆ." ಹೇಳುವಾಗ ನಕ್ಕ. ಅಕ್ಕನಿಗೆ ಕೂತ ಕುರ್ಚಿ ಮುಳ್ಳಾಯಿತು. ಅವನಿಗೆ ಸಿಟ್ಟಿರಬಹುದು, ಬೇಸರವಿರಬಹುದು ಎಂದೆಲ್ಲ ಎರಡು ವರ್ಷ ಯೋಚಿಸಿದ್ದಳು. ಅವನು ಆ ತಪ್ಪನ್ನು ನಂಬಿಕೊಂಡು ಬದುಕುತ್ತಿರಬಹುದು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಬಂದ ಕೆಲಸ ಹೇಳಿದಳು. ಹುಡುಗಿಗೆ ಫೋನು ಮಾಡಿದಳು. ಅತ್ತ ಅವಳು ಗುಂಡಿ ಒತ್ತಿದಳು, ಇತ್ತ ಬಿಳಿಯಣ್ಣನ ಫೋನು ಕಿಣಿ ಎಂದಿತು. ಬಿಳಿಯಣ್ಣ ಕನ್ನಡಕ ಹಾಕಿ ಆರು ಅಂಕಿಗಳನ್ನು ಒಂದೊಂದಾಗಿ ಓದಿದ. ಓದಿ ಮುಗಿಸಿ ಫೋನನ್ನು ಹೆಂಡತಿಯ ಕೈಗೆ ಕೊಟ್ಟ. "ನೀನೊಂದ್ಸಲ ಓದು. ನಾನು ಹಿಂದೆ ಮುಂದೆ ಮಾಡಿರ್ತೀನಿ."

"ಸರಿಯಾಗೇ ಇದೆ ರೀ."

"ಓದು ಅಂದ್ನಲ್ಲ."

ಅವಳು ಓದಿದಳು. ಒಂದಂಕಿಯೂ ವ್ಯತ್ಯಾಸವಿರಲಿಲ್ಲ. ಅತ್ತಲಿಂದ ಮೇಣದ ಹುಡುಗಿ, "ಬಂತಕ್ಕಾ! ಆಯ್ತು, ಎಲ್ಲಾ ಆಯ್ತು" ಎಂದು ಫೋನಿಟ್ಟಳು.

ಅಕ್ಕ ಎದ್ದಳು. ಹೆಂಡತಿ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಬಾಗಿಲವರೆಗೆ ಬಂದ ಬಿಳಿಯಣ್ಣ ದನಿ ತಗ್ಗಿಸಿ ಹೇಳಿದ: "ಅಮ್ಮಾ, ಒಂದು ಮಾತು. ನನ್ನಿಂದ ನಿಮಗೆಲ್ಲಾ ಮೂರು ತಿಂಗಳು ಕೆಟ್ಟ ಹೆಸರು ಬಂತು. ಅವತ್ತು ಯಾರತ್ರಾನೂ ತಪ್ಪಾಯ್ತು ಅನ್ಲಿಲ್ಲ, ಸುಮ್ನೆ ಹೊರಟುಬಂದೆ. ನನ್ನ ಪರವಾಗಿ ಎಲ್ಲರಿಗೂ ಹೇಳ್ಬಿಡಿ. ನೀವು ಹೇಳಿದ್ರೆ ಚೆನ್ನಾಗಿರತ್ತೆ."

ಹೂಂ ಎಂದರೆ ಸಾಕಿತ್ತು. ಮೆಟ್ಟಿಲು ಮೂರೇ ಇದ್ದವು. ಇಳಿದರೆ ಬೀದಿ, ಬೀದಿ ತಿರುಗಿದರೆ ಬಸ್ಸು. ಅಕ್ಕ ಹೂಂ ಎನ್ನಲು ಬಾಯಿ ತೆರೆದಳು.

"ನೀವಲ್ಲ ಅಣ್ಣ."

"ಏನು?"

"ಅವತ್ತು ಒತ್ತಿದ್ದು ನೀವಲ್ಲ. ನಾನು. ನೀವು ಊಟಕ್ಕೆ ಹೋಗಿದ್ರಿ, ಕ್ಲಿನಿಕ್ಕಿಂದ ಫೋನ್ ಬಂತು. ನಿಮ್ಮ ಪುಸ್ತಕ ನೋಡಿ ನಾನು ಒತ್ತಿದೆ. ಮೇಲಿಂದು ಕೆಳಗೆ ಹಾಕಿದೆ. ಪುಸ್ತಕದಲ್ಲಿ ನೀವು ಸರಿಯಾಗೇ ಬರೆದಿದ್ರಿ." ಅವಳಿಗೆ ಅವನ ಮುಖ ನೋಡಲಾಗಲಿಲ್ಲ, ಅವನ ಚಪ್ಪಲಿ ನೋಡುತ್ತ ಹೇಳುತ್ತಿದ್ದಳು. "ಡಬ್ಬಿ ವಾಪಸ್ ಬಂದ ದಿನಾನೇ ಗೊತ್ತಾಯ್ತು. ಬಾಯಿ ಬರ್ಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ... ನೀವು ಹೊರಟೇಹೋದ್ರಿ. ನನಗೆ ನಾಚಿಕೆ ಆಗತ್ತೆ ಅಣ್ಣ, ನಿಮ್ಮ ಮುಂದೆ ನಿಲ್ಲೋಕೂ ನಾಚಿಕೆ ಆಗತ್ತೆ."

ಬಯ್ಯಲಿ ಎಂದು ಕಾದಳು. ಕೆನ್ನೆಗೆ ಹೊಡೆದರೂ ಸರಿಯೇ. ಬಿಳಿಯಣ್ಣ ಕನ್ನಡಕ ತೆಗೆದ. ಮತ್ತೆ ಹಾಕಿಕೊಂಡ.

"ನಾನಲ್ವಾ?"

"ನೀವಲ್ಲ."

"ಖಂಡಿತ? ಇನ್ನೊಂದ್ಸಲ ಯೋಚ್ನೆ ಮಾಡಿ ಹೇಳಿ ಅಮ್ಮಾ. ನನಗೆ ಸಮಾಧಾನ ಆಗ್ಲಿ ಅಂತ ಹೇಳ್ತಿಲ್ಲ ತಾನೇ?"

"ಇಲ್ಲ ಅಣ್ಣ. ಎಡಗೈಯಲ್ಲಿ ಚಹಾ ಇತ್ತು ನನಗೆ. ಎಲ್ಲಾ ನೆನಪಿದೆ."

ಅವನ ತುಟಿ ಅದುರಿತು. ಅಳುತ್ತಾನೆ ಎಂದುಕೊಂಡಳು. ಅವನು ತಿರುಗಿ, ಆ ಚಿಕ್ಕ ಮನೆಯೆಲ್ಲ ಕೇಳುವಂತೆ ಕೂಗಿದ. "ಏನೇ! ಏನೇ, ಬಾ ಇಲ್ಲಿ! ನಾನಲ್ವಂತೆ ಕಣೇ! ಅವತ್ತಿಂದು ನಾನಲ್ವಂತೆ!"

ಹೆಂಡತಿ ಒದ್ದೆ ಕೈಯಲ್ಲೇ ಓಡಿಬಂದಳು.

"ಹೇಳಮ್ಮ, ಅವಳಿಗೂ ಹೇಳು" ಎಂದ ಬಿಳಿಯಣ್ಣ. ಹದಿನೇಳು ವರ್ಷದಲ್ಲಿ ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದ, ಸಿಟ್ಟಿಗಲ್ಲ, ಸಂತೋಷಕ್ಕೆ. ಅಕ್ಕ ಎರಡನೆಯ ಸಲ ಹೇಳಿದಳು. ಮೊದಲ ಸಲಕ್ಕಿಂತ ಇದು ಕಷ್ಟವಾಯಿತು, ಏಕೆಂದರೆ ಹೆಂಡತಿ ನಗಲಿಲ್ಲ. ಪೂರ್ತಿ ಕೇಳಿದಳು. ಕೇಳಿ, ಗೋಡೆಯ ಸ್ಲೇಟಿನ ಕಡೆ ಒಮ್ಮೆ ನೋಡಿ, ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಎರಡು ವರ್ಷ ನಮ್ಮ ಮನೇಲಿ ಇವರು ಒಂದು ಲೋಟ ಇಟ್ರೂ ನನ್ನ ಕೇಳಿ ಇಟ್ಟಿದ್ದಾರೆ" ಎಂದಳು. "ನಿಮ್ಮ ಬಾಯಿಗೆ ಎರಡು ವರ್ಷ ಬೇಕಾಯ್ತಾ ಅಕ್ಕಾ?"

"ಬೇಕಾಯ್ತು" ಎಂದಳು ಅಕ್ಕ.

"ಯಜಮಾನರಿಗೂ ಹೇಳಿ. ಈಗಲೇ. ನಮ್ಮೆದುರಿಗೆ" ಎಂದಳು ಹೆಂಡತಿ.

ಅಕ್ಕ ಫೋನು ತೆಗೆದಳು. ಎರಡು ಸಲ ತಪ್ಪು ಹೆಸರಿನ ಮೇಲೆ ಒತ್ತಿದಳು. ಮೂರನೆಯ ಸಲಕ್ಕೆ ಯಜಮಾನ ಸಿಕ್ಕ. "ಅಕ್ಕಾ, ಸೂಪರ್! ಎಲ್ಲಾ ಆಯ್ತು, ಈಗ ನಿಮ್ಮ ಹೆಸರಿಗೇ ಬೇರೆ ಕೀಲಿ..." ಎಂದು ಶುರುಮಾಡಿದ. ಅವಳು ಅವನ ಮಾತಿಗೆ ಅಡ್ಡ ಬಂದು ಮೂರನೆಯ ಸಲ ಹೇಳಿದಳು. ಇನ್ನು ನಾಳೆ ಮೇಣದ ಹುಡುಗಿಗೆ, ಹೊಳಪಿನವನಿಗೆ, ರಾತ್ರಿ ಅನ್ನದ ತಟ್ಟೆಯ ಮುಂದೆ ಗಂಡನಿಗೆ. ಹೇಳುವುದು ಒಂದು ಸಲಕ್ಕೆ ಮುಗಿಯುವುದಿಲ್ಲ ಎಂದು ಆಗ ಅವಳಿಗೆ ತಿಳಿಯಿತು.

ಅತ್ತ ಉಜ್ಜುವ ಯಂತ್ರದ ಗುಂಯ್ ಕೇಳುತ್ತಿತ್ತು.

"ಬಿಳಿಯಣ್ಣ ಪಕ್ಕದಲ್ಲಿದ್ದಾರಾ?" ಎಂದ ಯಜಮಾನ ಕೊನೆಗೆ.

"ಇದ್ದಾರೆ."

"ಕೊಡಿ ಅವರಿಗೆ."

ಬಿಳಿಯಣ್ಣ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಯಜಮಾನ ಏನು ಹೇಳುತ್ತಿದ್ದನೋ, ಇವನು ಕೇಳಿಸಿಕೊಳ್ಳಲೇ ಇಲ್ಲ. "ಯಜಮಾನ್ರೇ, ನಾನಲ್ಲ! ನಾನಲ್ಲ ಯಜಮಾನ್ರೇ, ಕೇಳಿದ್ರಾ? ಪುಸ್ತಕದಲ್ಲಿ ಸರಿಯಾಗೇ ಬರೆದಿದ್ನಂತೆ!" ಎಂದು ಚಿಕ್ಕ ಮಗುವಿನ ಹಾಗೆ ಕೂಗುತ್ತಿದ್ದ. ಪಕ್ಕದ ಮನೆಯವರು ಏನಾಯಿತೋ ಎಂದು ಹೊರಗೆ ಬಂದು ನಿಂತರು. ಅವನು ಅವರಿಗೂ ಹೇಳಿದ. ಅಕ್ಕ ಮೆಟ್ಟಿಲ ಮೇಲೆ, ಎಲ್ಲರ ಕಣ್ಣೆದುರು, ತನ್ನ ಫೋನು ವಾಪಸ್ಸು ಸಿಗುವವರೆಗೆ ಕಾಯುತ್ತ ನಿಂತಳು.